ಮಿದುಳಿನಲ್ಲಿ ಬೆಳಗಿದ ಜಾಗ

ಮೈಲಾರಪ್ಪನಿಗೆ ಲಕ್ವಾ ಹೊಡೆದದ್ದು ಸವಣೂರು ಬಸ್ ನಿಲ್ದಾಣದಲ್ಲಿ, ಹುಬ್ಬಳ್ಳಿಗೆ ಹೋಗುವ ಮುಂಜಾನೆಯ ಬಸ್ಸು ಬಿಡುವ ಹೊತ್ತಿಗೆ. ಬಾಗಿಲಲ್ಲಿ ನಿಂತು ಊರುಗಳ ಹೆಸರು ಕೂಗುತ್ತಿದ್ದ ಕಂಡಕ್ಟರ್ ನಡುವೆಯೇ ಸುಮ್ಮನಾದ. ಬಾಯಿ ಅಲ್ಲಾಡುತ್ತಿತ್ತು, ಹೆಸರು ಹೊರಗೆ ಬರುತ್ತಿರಲಿಲ್ಲ. ಟಿಕೆಟ್ ಮಷಿನ್ ಬಲಗೈಯಿಂದ ಜಾರಿ ಮೆಟ್ಟಿಲ ಮೇಲೆ ಬಿತ್ತು. ಮುಂದಿನ ಸೀಟಿನ ಮುದುಕಿಯೊಬ್ಬಳು, "ಯಾಕೋ ಯಪ್ಪಾ, ಹಂಗ್ಯಾಕ ನಿಂತಿ?" ಎಂದು ಕೇಳಿದಾಗ ಅವಳ ಕಡೆ ನೋಡಿ ನಗಲು ಹೋದ. ಮುಖದ ಅರ್ಧ ಮಾತ್ರ ನಕ್ಕಿತು.

ಜೀವ ಉಳಿಯಿತು. ಕೆಲವು ತಿಂಗಳಲ್ಲಿ ಕೋಲು ಹಿಡಿದು ನಡೆಯುವಂತಾದ, ಎಡಗೈಯಲ್ಲಿ ಉಣ್ಣಲು ಕಲಿತ. ಮಾತು ಮಾತ್ರ ಬರಲಿಲ್ಲ. ಬಂದದ್ದು ಒಂದೇ ಶಬ್ದ, "ರೈಟ್." ಬಸ್ಸು ಬಿಡು ಎಂದು ಡ್ರೈವರನಿಗೆ ಜೀವಮಾನವೆಲ್ಲ ಹೇಳಿದ ಮಾತು ಅದು. ಈಗ ನೀರು ಬೇಕಾದರೂ ರೈಟ್, ಸಾಕಾದರೂ ರೈಟ್, ಸಿಟ್ಟು ಬಂದರೂ ರೈಟ್. ಬೇರೆಯವರು ಆಡಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ಓಣಿಯ ಹುಡುಗರು ಬೇಕಂತಲೇ "ಕಂಡಕ್ಟರ್ ಕಾಕಾ, ಗಾಡಿ ಬಿಡೂಣೇನ್ರಿ?" ಎಂದು ಕೇಳಿದರೆ ಅವರ ಚೇಷ್ಟೆಯೂ ತಿಳಿಯುತ್ತಿತ್ತು. ಆಗ ಕೋಲು ಊರಿಕೊಂಡು ಒಳಗೆ ಎದ್ದು ಹೋಗುತ್ತಿದ್ದ.

ಅವರ ಮನೆ ಶಿಗ್ಗಾಂವಿಯಲ್ಲಿ. ಹೆಂಡತಿ ಚೌಡವ್ವ ಅಂಗನವಾಡಿಯಲ್ಲಿ ಸಹಾಯಕಿ. ಒಬ್ಬಳೇ ಮಗಳು ವಿದ್ಯಾ ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಸವಣೂರಿನ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಅಪ್ಪನನ್ನು ಹುಬ್ಬಳ್ಳಿಯ ಆಸ್ಪತ್ರೆಗೆ ತೋರಿಸಲು ಕರೆದೊಯ್ದಾಗ ಅಲ್ಲಿಯ ನರರೋಗ ತಜ್ಞರಾದ ಡಾಕ್ಟರ್ ಜಗದೀಶ ಒಂದು ಸಂಶೋಧನೆಯ ಬಗ್ಗೆ ಹೇಳಿದರು. ಲಕ್ವಾದಿಂದ ಮಾತು ಹೋದವರಲ್ಲಿ ಕೆಲವರು ಆಡಲಾರದ ಮಾತನ್ನು ಹಾಡಬಲ್ಲರು. ಹಾಗಾದರೆ ದಿನಬಳಕೆಯ ಮಾತನ್ನೇ ರಾಗವಾಗಿ, ಎಡಗೈಯಿಂದ ತಾಳ ತಟ್ಟುತ್ತ ಕಲಿಸಿದರೆ ಮಿದುಳಿನ ಬಲಭಾಗ ಆ ಕೆಲಸವನ್ನು ಕಲಿತೀತೇ? ಇದು ಅವರ ಪ್ರಶ್ನೆ. ಮೂರು ತಿಂಗಳ ತರಬೇತಿ. ಅದಕ್ಕೆ ಮೊದಲು ಒಮ್ಮೆ, ಮುಗಿದ ಮೇಲೆ ಒಮ್ಮೆ ಎಂ.ಆರ್.ಐ. ಯಂತ್ರದೊಳಗೆ ಮಲಗಿಸಿ, ಮಾತಾಡಲು ಹೆಣಗುವಾಗ ಮಿದುಳಿನ ಯಾವ ಜಾಗ ಎಷ್ಟು ದುಡಿಯುತ್ತದೆ ಎಂದು ನೋಡುವುದು. ಹಾನಗಲ್, ಸವಣೂರು, ಹಿರೇಕೆರೂರಿನ ಕಡೆಯಿಂದ ಆಗಲೇ ಮೂವತ್ತಕ್ಕೂ ಹೆಚ್ಚು ಮಂದಿ ಸೇರಿದ್ದರು.

"ಖಾತ್ರಿ ಏನೂ ಇಲ್ಲ. ಇದು ಪರೀಕ್ಷೆ, ಚಿಕಿತ್ಸೆ ಅಲ್ಲ," ಎಂದರು ಡಾಕ್ಟರು.

"ಆಗಲೇಳ್ರಿ ಸಾಹೇಬ್ರ," ಎಂದಳು ಚೌಡವ್ವ. "ಸುಮ್ಮನ ಕುಂದ್ರೂದಕಿಂತ ಏನರ ಮಾಡೂದು ಬೇಸಿ."

ತರಬೇತಿ ಕೊಡಲು ಮನೆಗೆ ಬರುತ್ತಿದ್ದವಳು ಶಬೀನಾ, ಸವಣೂರಿನ ಹುಡುಗಿ, ಮಾತಿನ ತೊಂದರೆಗಳಿಗೆ ಚಿಕಿತ್ಸೆ ಕೊಡುವುದನ್ನು ಓದಿಕೊಂಡವಳು. ಬರುವಾಗ ಊರಿನ ಖಾರದ ಪೊಟ್ಟಣ ತರುತ್ತಿದ್ದಳು. ಮೈಲಾರಪ್ಪನ ಎದುರು ಕುಳಿತು ಅವನ ಎಡಗೈಯನ್ನು ತನ್ನ ಕೈಯಲ್ಲಿ ಹಿಡಿದು ತಟ್ಟುತ್ತ "ನೀ...ರು ಬೇ...ಕು" ಎಂದು ಎರಡೇ ಸ್ವರಗಳಲ್ಲಿ ಹಾಡುತ್ತಿದ್ದಳು. ಮೈಲಾರಪ್ಪನ ತುಟಿ ಅವಳ ತುಟಿಯನ್ನು ಹಿಂಬಾಲಿಸುತ್ತಿತ್ತು. ಒಮ್ಮೊಮ್ಮೆ "ನೀ" ಎಂಬಂಥ ದನಿ ಬರುತ್ತಿತ್ತು. ಬಹಳ ಸಲ ರೈಟ್ ಎಂದೇ ಮುಗಿಯುತ್ತಿತ್ತು. ಒಂದು ದಿನ ಹೋಗುವ ಮುಂಚೆ ಶಬೀನಾ ಚಿತ್ರಗಳ ಒಂದು ಕಟ್ಟನ್ನೂ ಕೊಟ್ಟಳು: ತಂಬಿಗೆ, ಊಟದ ತಾಟು, ಹಾಸಿಗೆ, ಬಚ್ಚಲು, ಗುಳಿಗೆ. ಬೇಕಾದ್ದನ್ನು ಬೆರಳಿಟ್ಟು ತೋರಿಸಿದರೆ ಸಾಕು.

"ಇವೂ ಬಳಸ್ರಿ ಅಮ್ಮಾ. ತರಬೇತಿ ಒಂದು ಕಡೆ ನಡೀಲಿ. ಅವರಿಗೆ ಇವತ್ತು ಏನು ಬೇಕಂತ ಇವತ್ತ ಗೊತ್ತಾಗಬೇಕಲ್ರಿ?"

ಚೌಡವ್ವ ಅವನ್ನು ತೆಗೆದುಕೊಂಡು, ಶಬೀನಾ ಹೋದ ಮೇಲೆ ಗೋಡೆಯ ಮಾಡದಲ್ಲಿ ಎತ್ತಿಟ್ಟಳು. "ಚಿತ್ರ ತೋರಿಸಾಕ ಕಲಿತರ ಮಾತ್ಯಾಕ ಕಲೀತಾರ?" ಎಂದಳು ಮಗಳಿಗೆ. ಅಂಗನವಾಡಿಯಲ್ಲಿ ಎಷ್ಟೋ ಮಕ್ಕಳ ಬಾಯಿಂದ ಮೊದಲ ಮಾತು ಆಡಿಸಿದವಳು ಅವಳು. ಆ ದಾರಿಯೇ ಅವಳಿಗೆ ಗೊತ್ತಿತ್ತು.

ಮೂರು ತಿಂಗಳು ಮುಗಿಯುವಷ್ಟರಲ್ಲಿ ಡಾಕ್ಟರರ ಬಳಿ ಲೆಕ್ಕ ನೋಡಿಕೊಳ್ಳುತ್ತಿದ್ದವನು ಬೇರೆ ಕೆಲಸ ಹಿಡಿದು ಹೋದ. ವಿದ್ಯಾ ಓದಿದ್ದು ಏನೆಂದು ಅವರಿಗೆ ಗೊತ್ತಿತ್ತು, ಕರೆದು ಕೇಳಿದರು. ಒಂದೇ ಷರತ್ತು. ಕಂಪ್ಯೂಟರಿನಲ್ಲಿ ಯಾರ ಹೆಸರೂ ಇರುವುದಿಲ್ಲ, ಬರೀ ಸಂಖ್ಯೆ. ಅಪ್ಪನದು ಯಾವುದು ಎಂದು ಅವಳು ಹುಡುಕಬಾರದು. ವಿದ್ಯಾ ಒಪ್ಪಿದಳು. ಕಾಲೇಜು ಬಿಟ್ಟು ದಿನಾ ಶಿಗ್ಗಾಂವಿಯಿಂದ ಹುಬ್ಬಳ್ಳಿಗೆ ಓಡಾಡತೊಡಗಿದಳು. ಕಂಡಕ್ಟರುಗಳೆಲ್ಲ ಅಪ್ಪನ ಪರಿಚಯದವರು, "ಮೈಲಾರಪ್ಪಣ್ಣ ಹೆಂಗದಾನವಾ?" ಎಂದು ಕೇಳುವರು.

ಆ ಕೆಲಸದಲ್ಲಿ ಮಿದುಳು ಎಂದರೆ ಕಡಲೆಕಾಳಿಗಿಂತ ಚಿಕ್ಕ ಚೌಕಗಳ ಒಂದು ಗುಡ್ಡೆ. ಒಬ್ಬೊಬ್ಬರಲ್ಲೂ ಹತ್ತಾರು ಸಾವಿರ ಚೌಕಗಳು. ಪ್ರತಿ ಚೌಕದಲ್ಲೂ ತರಬೇತಿಗೆ ಮುಂಚೆ ಎಷ್ಟು, ಆಮೇಲೆ ಎಷ್ಟು ಎಂದು ಹೋಲಿಸಬೇಕು. ಎಲ್ಲರದನ್ನೂ ಕೂಡಿಸಿ ನೋಡಿದಾಗ ಬಲಭಾಗದಲ್ಲಿ, ಕಿವಿಯಿಂದ ತುಸು ಮೇಲೆ, ಒಂದು ಜಾಗ ಕೆಂಪಾಗಿ, ನಟ್ಟನಡುವೆ ಹಳದಿಯಾಗಿ ಹೊಳೆಯಿತು. ಡಾಕ್ಟರ್ ಜಗದೀಶ ಪರದೆಯ ಹತ್ತಿರ ಬಗ್ಗಿ ನೋಡಿದರು.

"ಬದಲಾವಣೆ ಆಗಿದೆ ಅಂದರೆ ಸಾಲದು ವಿದ್ಯಾ. ಎಷ್ಟು ಆಗಿದೆ? ಅದನ್ನು ತೆಗೆಯಿರಿ."

ಎಷ್ಟು ಎನ್ನುವುದಕ್ಕೆ ಒಂದು ಅಳತೆ ಇದೆ. ಪರಿಣಾಮದ ಗಾತ್ರ ಎನ್ನುತ್ತಾರೆ. ಒಬ್ಬರಿಂದೊಬ್ಬರಿಗೆ ಹೇಗೂ ಇರುವ ಏರುಪೇರಿನ ಮುಂದೆ ಈ ಬದಲಾವಣೆ ಎಷ್ಟು ದೊಡ್ಡದು ಎಂದು ಅದು ಹೇಳುತ್ತದೆ. ಸೊನ್ನೆ ಎಂದರೆ ಏನೂ ಆಗಿಲ್ಲ. ಅರ್ಧ ಬಂದರೆ ಪರವಾಗಿಲ್ಲ. ಒಂದನ್ನು ದಾಟಿದರೆ ಬಹಳ ದೊಡ್ಡದು. ಮೊದಲಿನವನು ಬರೆದಿಟ್ಟ ಕ್ರಮದಂತೆಯೇ ವಿದ್ಯಾ ಹೊಳೆಯುವ ಆ ಜಾಗವನ್ನು ಆರಿಸಿ, ಅಲ್ಲಿಯ ಅಂಕಿಗಳನ್ನು ಹೊರತೆಗೆದು ಲೆಕ್ಕ ಮಾಡಿದಳು. ಒಂದೂ ಕಾಲಿಗಿಂತ ಹೆಚ್ಚು ಬಂತು. ಡಾಕ್ಟರು ಕುರ್ಚಿಯಿಂದ ಎದ್ದು ಕಿಟಕಿಯ ತನಕ ಹೋಗಿ ಬಂದರು. ಮರುವಾರ ರೋಗಿಗಳ ಮನೆಯವರನ್ನೆಲ್ಲ ಆಸ್ಪತ್ರೆಗೆ ಕರೆಸಿ, ಗೋಡೆಯ ಮೇಲೆ ಆ ಚಿತ್ರ ತೋರಿಸಿ, ಫಲಿತಾಂಶ ಬಹಳ ಆಶಾದಾಯಕವಾಗಿದೆ, ಮನೆಯಲ್ಲಿ ಅಭ್ಯಾಸ ಬಿಡಬೇಡಿ ಎಂದರು.

ಚೌಡವ್ವ ಆ ಚಿತ್ರದಿಂದ ಕಣ್ಣು ಕೀಳಲಿಲ್ಲ.

"ಇದು ನಿಮ್ಮಪ್ಪಂದೇನು?"

"ಅಲ್ಲ ಬೇ ಅವ್ವಾ. ಎಲ್ಲಾರದೂ ಕೂಡಿಸಿದ್ದು."

"ಎಲ್ಲಾರೊಳಗ ಅವರೂ ಬಂದರಲ್ಲ," ಎಂದಳು ಚೌಡವ್ವ. ಪಕ್ಕದಲ್ಲಿ ಕೂತಿದ್ದ ಹಾನಗಲ್ಲಿನ ಸುಶೀಲವ್ವನ ಕೈ ಅದುಮಿದಳು. ಅವಳ ಗಂಡನಿಗೂ ಇದೇ ಕತೆ. ಎರಡು ಸಲವೂ ಸ್ಕ್ಯಾನಿಂಗಿನ ಬಾಗಿಲ ಹೊರಗೆ ಕೂತು ಬುತ್ತಿ ಹಂಚಿಕೊಂಡು ತಿಂದವರು ಇಬ್ಬರೂ. ಸುಶೀಲವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ದಿನ ವಿದ್ಯಾಳೂ ಅತ್ತಳು. ಅಪ್ಪ ತನ್ನನ್ನು ಹೆಸರು ಹಿಡಿದು ಕರೆಯುತ್ತಾನೆ ಎಂದು ಅವಳೂ ನಂಬಿದ್ದಳು.

ಅಂದಿನಿಂದ ಮನೆಯಲ್ಲಿ ಅಭ್ಯಾಸದ ಬಗೆಯೇ ಬದಲಾಯಿತು. ಚೌಡವ್ವ ಮುಂಜಾನೆ ಅಂಗನವಾಡಿಗೆ ಹೋಗುವ ಮುನ್ನ ಒಮ್ಮೆ, ಬಂದ ಮೇಲೆ ಒಮ್ಮೆ ಗಂಡನನ್ನು ಪಡಸಾಲೆಯಲ್ಲಿ ಕೂರಿಸುತ್ತಿದ್ದಳು. ತಾನು ಹಾಡುವಳು, ಅವನು ಹಾಡಬೇಕು. ಬರಬರುತ್ತ ಒಂದು ನಿಯಮ ಹಾಕಿದಳು. ಬೇಕಾದ್ದನ್ನು ಬಾಯಿಂದ ಕೇಳುವವರೆಗೆ ಕೊಡುವುದಿಲ್ಲ. ನೀರಿನ ತಂಬಿಗೆಯನ್ನು ಎದುರಿಗೆ ಹಿಡಿದು, "ನೀ...ರು ಬೇ...ಕು, ಅನ್ರಿ. ನೀವು ಅಂತೀರಿ. ಮಿದುಳಾಗ ಬೆಳಕು ಬಂದೈತಂತ ಡಾಕ್ಟರ್ ತೋರಿಸ್ಯಾರ," ಎನ್ನುವಳು. ಮೈಲಾರಪ್ಪ ತಾಳ ತಟ್ಟುವನು, ಬಾಯಿ ತೆರೆಯುವನು. "ರೈಟ್." ಅವಳು ತಲೆಯಾಡಿಸುವಳು. "ಅದಲ್ಲ. ಇನ್ನೊಮ್ಮೆ." ಕೊನೆಗೆ ಅವಳೇ ಸೋತು ಕೊಡುವಳು, ಆದರೆ ಆ ಹೊತ್ತಿಗೆ ಅವನು ಮುಖ ತಿರುಗಿಸಿರುತ್ತಿದ್ದ.

"ಅವ್ವಾ, ಮೊದಲ ನೀರು ಕೊಡಬಾರದೇನ?" ಎಂದು ವಿದ್ಯಾ ಒಮ್ಮೆ ಕೇಳಿದಳು.

"ನೀನ ಹೇಳಿದಿ, ದೊಡ್ಡ ಪರಿಣಾಮ ಆಗೇತಿ ಅಂತ. ಬಾಗಲಾ ಮಟ ಬಂದ ಮಾತು ನನ್ನ ಸಡಲಿಕಿಗೆ ಹೊಳ್ಳಿ ಹೋಗಬೇಕೇನು?"

ಹೀಗೇ ಸುಮಾರು ಒಂದು ವರ್ಷ ನಡೆಯಿತು.

ಡಾಕ್ಟರ್ ಜಗದೀಶ ತಮ್ಮ ಪ್ರಬಂಧವನ್ನು ಒಂದು ಪತ್ರಿಕೆಗೆ ಕಳಿಸಿದ್ದರು. ಅದನ್ನು ಪರಿಶೀಲಿಸಿದ ಯಾರೋ ಅಪರಿಚಿತರು ಒಂದು ಪ್ರಶ್ನೆ ಕೇಳಿ ಹಿಂದಕ್ಕೆ ಕಳಿಸಿದರು. ನೀವು ಅಳೆದ ಜಾಗವನ್ನು ಆರಿಸಿದ್ದು ಹೇಗೆ? ಇದೇ ರೋಗಿಗಳ ಇದೇ ಚಿತ್ರಗಳಲ್ಲಿ ಹೆಚ್ಚು ಹೊಳೆದದ್ದು ಎಂಬ ಕಾರಣಕ್ಕೆ ಆರಿಸಿ, ಮತ್ತೆ ಇವೇ ಚಿತ್ರಗಳಲ್ಲಿ ಅದನ್ನು ಅಳೆದಿದ್ದರೆ ಈ ಸಂಖ್ಯೆಗೆ ಏನು ಬೆಲೆ?

ಅದನ್ನು ಓದಿದ ಕ್ಷಣಕ್ಕೇ ವಿದ್ಯಾಳಿಗೆ ತಪ್ಪು ಗೊತ್ತಾಯಿತು. ಹತ್ತಾರು ಸಾವಿರ ಚೌಕಗಳಲ್ಲಿ ಕೆಲವು ಬರೀ ಅದೃಷ್ಟದಿಂದಲೇ ಹೊಳೆಯುತ್ತವೆ. ಅವುಗಳನ್ನೇ ಹೆಕ್ಕಿ, ನೋಡಿ ಎಷ್ಟು ಹೊಳೆಯುತ್ತಿವೆ ಎಂದು ಅಳೆದರೆ ದೊಡ್ಡದೇ ಬರುತ್ತದೆ. ತರಗತಿಯಲ್ಲಿ ತಾನೇ ಮಕ್ಕಳಿಗೆ ಹೇಳಿದ ಪಾಠ. ಆದರೆ ಮಿದುಳಿನ ಬಣ್ಣದ ಚಿತ್ರದ ಮುಂದೆ ಅದು ಅವಳಿಗೂ ಹೊಳೆದಿರಲಿಲ್ಲ, ಡಾಕ್ಟರಿಗೂ ಹೊಳೆದಿರಲಿಲ್ಲ.

ಸರಿಯಾದ ದಾರಿ ಬೇರೆ. ಒಬ್ಬರನ್ನು ಹೊರಗಿಟ್ಟು ಉಳಿದವರಿಂದ ಜಾಗ ಆರಿಸಬೇಕು, ಆ ಜಾಗವನ್ನು ಹೊರಗಿಟ್ಟವರಲ್ಲಿ ಮಾತ್ರ ಅಳೆಯಬೇಕು. ಆಮೇಲೆ ಇನ್ನೊಬ್ಬರನ್ನು ಹೊರಗಿಡಬೇಕು. ಹೀಗೆ ಎಲ್ಲರದೂ ಆಗುವವರೆಗೆ. ಕಂಪ್ಯೂಟರು ಆ ಕೆಲಸ ಮಾಡುತ್ತಿದ್ದಾಗ ವಿದ್ಯಾ ಕ್ಯಾಂಟೀನಿಗೆ ಹೋಗಿ ಚಹಾ ತಗೊಂಡು, ಕುಡಿಯದೆ ಹಾಗೇ ಬಿಟ್ಟು ಬಂದಳು.

ಒಂದೂ ಕಾಲಿನ ಮೇಲಿದ್ದ ಸಂಖ್ಯೆ ಈಗ ಐದರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗಿತ್ತು. ಖಚಿತವಾಗಿ ಹೇಳಬಹುದಾದ ಮಿತಿ ಸೊನ್ನೆಯ ಕೆಳಗಿನಿಂದ ಅರ್ಧದವರೆಗೆ ಹರಡಿತ್ತು. ಅಂದರೆ ಒಳ್ಳೆಯದಾಗಿರಲೂಬಹುದು, ಏನೂ ಆಗದಿರಲೂಬಹುದು. ಪರದೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಚುಕ್ಕೆ ಮೂಡಿತ್ತು. ಕೆಲವು ಸೊನ್ನೆಯ ಗೆರೆಯ ಮೇಲೆ, ಕೆಲವು ಕೆಳಗೆ, ಬಹಳಷ್ಟು ಗೆರೆಗೇ ಅಂಟಿಕೊಂಡಿದ್ದವು. ಇವುಗಳಲ್ಲಿ ಒಂದು ಅಪ್ಪ ಎಂದುಕೊಂಡಳು. ಯಾವುದೆಂದು ಹುಡುಕಲಿಲ್ಲ. ಆ ಷರತ್ತು ಇಲ್ಲದಿದ್ದರೂ ಹುಡುಕುವ ಧೈರ್ಯ ಅವಳಿಗೆ ಆಗ ಇರಲಿಲ್ಲ.

ಡಾಕ್ಟರ್ ಜಗದೀಶ ಆ ಚುಕ್ಕೆಗಳನ್ನು ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದನ್ನೇ ಬರೆಯೋಣ. ಮೊದಲಿನದು ತಪ್ಪು ಅಂತಲೂ ಬರೆಯೋಣ."

"ಮನೆಯವರಿಗೆ, ಸರ್?"

"ಎಲ್ಲರಿಗೂ ಮೊಬೈಲಿಗೆ ಸಂದೇಶ ಕಳಿಸ್ತೀನಿ." ಸ್ವಲ್ಪ ತಡೆದು ಕೇಳಿದರು: "ನಿಮ್ಮ ತಾಯಿಗೆ ನಾನು ಹೇಳಲೇನಮ್ಮ?"

"ಬ್ಯಾಡ್ರಿ ಸರ್. ನಾನ ಹೇಳ್ತೇನಿ."

ಹೇಳಲಿಲ್ಲ. ಆ ದಿನವೂ ಹೇಳಲಿಲ್ಲ, ಆ ವಾರವೂ ಹೇಳಲಿಲ್ಲ. ದಿನಾ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡು ಬರುವಳು. ಬಾಗಿಲಲ್ಲಿ ಚಪ್ಪಲಿ ಬಿಡುವಾಗ ಒಳಗಿನಿಂದ ಅವ್ವನ ಹಾಡು ಕೇಳಿಸುವುದು. ಅವ್ವನ ದನಿ ಒಡೆದಿತ್ತು. ಆದರೂ ರಾಗ ಬಿಟ್ಟಿರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ಚೌಡವ್ವನ ತಮ್ಮ ಹುಲಗೇಶ ಹಿರೇಕೆರೂರಿನಿಂದ ಬಂದ. ಅಲ್ಲಿಯ ಪೇಟೆಯಲ್ಲಿ ಗೋವಿನಜೋಳದ ವ್ಯಾಪಾರ ಅವನದು. ಊಟಕ್ಕೆ ಕೂರುವ ಮುಂಚೆ ಚೌಡವ್ವ ಹುರುಪಿನಿಂದ, "ನಿಮ್ಮ ಭಾವ ಎಷ್ಟು ಸುಧಾರಿಸ್ಯಾರ ನೋಡು ಬಾ," ಎಂದು ಕರೆದಳು. ಮೈಲಾರಪ್ಪನ ಎದುರು ಕೂತು ತಂಬಿಗೆ ಹಿಡಿದಳು. ಮೈಲಾರಪ್ಪ ಹುಲಗೇಶನನ್ನು ನೋಡಿದ, ಹೆಂಡತಿಯನ್ನು ನೋಡಿದ. ತಾಳ ತಟ್ಟಲಿಲ್ಲ.

"ಅನ್ರಿ. ನೀ...ರು."

"ರೈಟ್."

"ತಮ್ಮನ ಮುಂದ ನಾಚಿಕಿ ಪಡತಾರ. ಅನ್ರಿ, ನಿನ್ನೆ ಅಂದಿದ್ದಿರಿ. ನೀ..."

ಮೈಲಾರಪ್ಪನ ಎಡಗೈ ಮೇಲೆದ್ದಿತು. ತಾಳ ತಟ್ಟಲು ಅಂತ ಚೌಡವ್ವ ಅಂದುಕೊಂಡಳು. ಅವನು ಆ ಕೈಯಿಂದ ತನ್ನ ಬಾಯಿಗೇ ಹೊಡೆದುಕೊಂಡ. ಇನ್ನೊಮ್ಮೆ ಹೊಡೆದುಕೊಂಡ. ತುಟಿ ಒಡೆದು ರಕ್ತ ಬಂತು. ಹುಲಗೇಶ ಓಡಿ ಬಂದು ಕೈ ಹಿಡಿದ.

"ಸಾಕು ಬೇ!" ವಿದ್ಯಾ ಚೀರಿದಳು. "ಸಾಕು. ಆ ಲೆಕ್ಕ ತಪ್ಪಾಗಿತ್ತು."

ಚೌಡವ್ವ ತಂಬಿಗೆ ಹಿಡಿದುಕೊಂಡೇ ತಿರುಗಿದಳು. "ಯಾ ಲೆಕ್ಕ?"

ವಿದ್ಯಾ ಅಲ್ಲೇ ನೆಲದ ಮೇಲೆ ಕೂತಳು. ದಿನಾ ಬಸ್ಸಿನಲ್ಲಿ ಜೋಡಿಸಿದ ಮಾತುಗಳಲ್ಲಿ ಒಂದೂ ನೆನಪಿಗೆ ಬರಲಿಲ್ಲ. ಹುಲಗೇಶನ ಕಡೆ ನೋಡಿದಳು.

"ಮಾಮಾ, ಗೋವಿನಜೋಳದ ರಾಶಿ ಬಂದಾಗ ದಪ್ಪನ್ನ ತೆನಿ ಅಷ್ಟ ಆರಿಸಿ ತೂಕ ಮಾಡಿ, ಇಡೀ ಬೆಳಿ ಹಿಂಗ ಐತಿ ಅಂದರ ನೀ ಒಪ್ಪತೀಯೇನು?"

"ಹೆಂಗ ಒಪ್ಪಲಿ? ಆರಿಸಿದ ಮ್ಯಾಲ ದಪ್ಪ ಇರಾಕ ಬೇಕಲ್ಲ."

"ನಾವೂ ಹಂಗ ಮಾಡಿದ್ವಿ. ಮಿದುಳಿನಾಗ ಎಲ್ಲಿ ಹೆಚ್ಚು ಹೊಳೀತೋ ಆ ಜಾಗ ಆರಿಸಿ ಅದನ್ನ ಅಳದ್ವಿ. ಈಗ ಸರಿಯಾಗಿ ಅಳದರ..."

"ಎಷ್ಟು ಬಂತು?" ಚೌಡವ್ವ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಭಾಳ ಸಣ್ಣದು ಬೇ. ಇದ್ದರೂ ಇರಬಹುದು, ಇಲ್ಲದಿದ್ದರೂ ಇಲ್ಲ ಅನ್ನೂವಷ್ಟು."

"ಅಂದರ ಇವರು ಮಾತಾಡೂದಿಲ್ಲೇನು?"

"ಅದು ನನಗ ಗೊತ್ತಿಲ್ಲ. ಆ ಚಿತ್ರ ನೋಡಿ ಹೇಳಾಕ ಬರೂದಿಲ್ಲ ಅನ್ನೂದಷ್ಟ ಗೊತ್ತೈತಿ."

ಆಗ ಮೈಲಾರಪ್ಪನ ಕಡೆಯಿಂದ ಒಂದು ದನಿ ಬಂತು. ಮೊದಲು ಅದು ಕೆಮ್ಮು ಅನ್ನಿಸಿತು. ಅವನು ಅಳುತ್ತಿದ್ದ. ಹೆಗಲು ಕುಲುಕಿಸಿ, ಬಾಯಿ ತೆರೆದು, ಚಿಕ್ಕ ಮಗುವಿನ ಹಾಗೆ ಅಳುತ್ತಿದ್ದ. ಆದರೆ ಮುಖದ ಬಿಗುವು ಸಡಿಲಿತ್ತು. ಎಡಗೈ ಚಾಚಿ ಮಗಳ ಕೈ ಹಿಡಿದು ಎದೆಗೊತ್ತಿಕೊಂಡ. "ರೈಟ್," ಎಂದ. "ರೈಟ್. ರೈಟ್."

ಅವನಿಗೆ ಸಮಾಧಾನವಾಗಿತ್ತು. ಅದನ್ನು ವಿದ್ಯಾ ನೋಡಿದಳು, ಹುಲಗೇಶ ನೋಡಿದ. ಚೌಡವ್ವ ಎಲ್ಲರಿಗಿಂತ ಮೊದಲು ನೋಡಿದಳು. ಇನ್ನು ಮೇಲೆ ಹಾಡಬೇಕಾಗಿಲ್ಲ ಎಂದು ತಿಳಿದು ತನ್ನ ಗಂಡ ಹೀಗೆ ಅಳುತ್ತಿದ್ದಾನೆ ಎಂಬುದು ಅವಳ ಮುಖದಲ್ಲಿ ನಿಧಾನಕ್ಕೆ ಇಳಿಯಿತು. ಅವಳು ತಂಬಿಗೆಯನ್ನು ಅವನ ಬಾಯಿಗೆ ಹಿಡಿದಳು. ಅವನು ಒಂದೇ ಗುಟುಕಿಗೆ ಎಂಬಂತೆ ಪೂರ್ತಿ ಕುಡಿದ. ನೀರು ಗದ್ದದಿಂದ ಅಂಗಿಯ ಮೇಲೆ ಇಳಿಯಿತು, ರಕ್ತದ ಜೊತೆ.

"ಇಷ್ಟು ನೀರಡಿಸಿತ್ತೇನ್ರಿ?" ಎಂದಳು ಚೌಡವ್ವ. "ದಿನಾ ಇಷ್ಟು ನೀರಡಿಸತಿತ್ತೇನ್ರಿ?"

ಅವನು ಅವಳ ಕಡೆ ನೋಡಲಿಲ್ಲ.

ಮರುದಿನ ವಿದ್ಯಾ ಫೋನು ಮಾಡಿ ಶಬೀನಾಳನ್ನು ಕರೆಸಿದಳು. ಮಾಡದಿಂದ ಚಿತ್ರಗಳು ಕೆಳಗಿಳಿದವು. ಶಬೀನಾ ಅವನ್ನು ಒರೆಸಿ, ಹೊಸದಾಗಿ ಇನ್ನಷ್ಟು ಬರೆದು ತಂದಳು: ಬಿಸಿಲು, ಫ್ಯಾನು, ಬಸ್ಸು, ಚೌಡವ್ವ, ವಿದ್ಯಾ. ಮೈಲಾರಪ್ಪ ಒಂದೇ ವಾರದಲ್ಲಿ ಕಲಿತ. ಕಲಿಯುವುದೇನಿತ್ತು? ಬೆರಳಿಡುವುದಷ್ಟೇ. ಫ್ಯಾನು ಸಣ್ಣ ಮಾಡಿ ಎಂದು ಹೇಳಿದ. ಗುಳಿಗೆಯ ಚಿತ್ರ ತೋರಿಸಿ, ಬಲಗಾಲು ಮುಟ್ಟಿ, ನೋಯುತ್ತದೆ ಎಂದು ಹೇಳಿದ. ಕಾಲು ನೋವು ಒಂದು ವರ್ಷದಿಂದ ಇತ್ತು ಎಂದು ಆಮೇಲೆ ತಿಳಿಯಿತು. ಒಂದು ಸಂಜೆ ಬಸ್ಸಿನ ಮೇಲೆ ಬೆರಳಿಟ್ಟ. ವಿದ್ಯಾ ಅವನನ್ನು ನಿಲ್ದಾಣಕ್ಕೆ ಕರೆದೊಯ್ದಳು. ಹಳೆಯ ಗೆಳೆಯರು ಬಂದು ಮಾತಾಡಿಸಿದರು, ಅವನು ಅವರ ಭುಜ ತಟ್ಟಿದ.

ಚೌಡವ್ವ ಮಾತ್ರ ಕುಂದಿಹೋದಳು. ಗಂಡ ತೋರಿಸಿದ್ದನ್ನೆಲ್ಲ ಮಾಡುವಳು, ತೋರಿಸುವ ಮುಂಚೆಯೇ ನೀರು ತಂದಿಡುವಳು. ಆದರೆ ಎದುರಿಗೆ ಕೂರುತ್ತಿರಲಿಲ್ಲ. ಒಂದು ದಿನ ಮೈಲಾರಪ್ಪ ಚೌಡವ್ವನ ಚಿತ್ರದ ಮೇಲೆ ಬೆರಳಿಟ್ಟು, ಬೇರೆ ಚಿತ್ರ ಹುಡುಕತೊಡಗಿದ. ತಾಟು ತೆಗೆದ, ಬಿಟ್ಟ. ಹಾಸಿಗೆ ತೆಗೆದ, ಬಿಟ್ಟ. ಗುಳಿಗೆ, ಬಿಸಿಲು, ಬಚ್ಚಲು. ಎಲ್ಲವನ್ನೂ ಹರವಿಕೊಂಡು ಹುಡುಕಿದ. ಅವನು ಹೇಳಬೇಕೆಂದಿದ್ದ ಮಾತಿಗೆ ಚಿತ್ರ ಇರಲಿಲ್ಲ. ಕೊನೆಗೆ ಕೈ ಸೋತು ಸುಮ್ಮನೆ ಅವಳ ಚಿತ್ರದ ಮೇಲೆ ಅಂಗೈ ಇಟ್ಟುಕೊಂಡು ಕೂತ. ಚೌಡವ್ವ ಅಡಿಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಹತ್ತಿರ ಬರಲಿಲ್ಲ.

ಆ ಚಳಿಗಾಲದಲ್ಲಿ ಎರಡನೆಯ ಸಲ ಲಕ್ವಾ ಹೊಡೆಯಿತು. ಈ ಸಲ ಆಸ್ಪತ್ರೆಗೆ ಒಯ್ಯುವ ಹೊತ್ತೂ ಸಿಗಲಿಲ್ಲ.

ಮೈಲಾರಪ್ಪನ ದಿನಕರ್ಮಗಳಿಗೆ ಡಾಕ್ಟರ್ ಜಗದೀಶ ಶಿಗ್ಗಾಂವಿಗೆ ಬಂದಿದ್ದರು. ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತು, ಏನು ಹೇಳುವುದೆಂದು ತಿಳಿಯದೆ, ಪ್ರಬಂಧ ಪ್ರಕಟವಾಯಿತು, ತಿದ್ದಿದ ಸಂಖ್ಯೆಯನ್ನೇ ಹಾಕಿದ್ದೇವೆ ಎಂದರು. ಚೌಡವ್ವ ಅದನ್ನು ಕೇಳಿಸಿಕೊಂಡಳೋ ಇಲ್ಲವೋ.

"ಸಾಹೇಬ್ರ, ಹಾನಗಲ್ಲಿನ ಸುಶೀಲವ್ವಗ ಹೇಳೀರೇನ್ರಿ?"

"ಎಲ್ಲರಿಗೂ ಸಂದೇಶ ಹೋಗಿದೆಯಮ್ಮ."

ವಿದ್ಯಾಳ ಮೊಬೈಲಿನಲ್ಲಿ ಆ ಸಂದೇಶ ಇತ್ತು. ಅವ್ವ ಓದು ಎಂದಳು, ಅವಳು ಓದಿದಳು. ಅಧ್ಯಯನದ ಪರಿಣಾಮದ ಗಾತ್ರವು ಈ ಹಿಂದೆ ಅಂದಾಜಿಸಿದ್ದಕ್ಕಿಂತ ಕಡಿಮೆ ಇರುವುದು ಮರುವಿಶ್ಲೇಷಣೆಯಿಂದ ಕಂಡುಬಂದಿರುತ್ತದೆ.

"ಇದು ನನಗ ಬಂದಿದ್ದರ ತಿಳೀತಿತ್ತೇನು?" ಚೌಡವ್ವ ಕೇಳಿದಳು. ಡಾಕ್ಟರು ತಲೆ ತಗ್ಗಿಸಿದರು.

ಮುಂದಿನ ವಾರ ತಾಯಿ ಮಗಳು ಹಾನಗಲ್ಲಿಗೆ ಹೋದರು. ಸುಶೀಲವ್ವನ ಮನೆ ಭತ್ತದ ಪೇಟೆಯ ಆಚೆ. ಬಾಗಿಲು ತೆರೆದಿತ್ತು. ಅವಳ ಗಂಡ ಕಟ್ಟಿಗೆಯ ಕುರ್ಚಿಯಲ್ಲಿ ಕೂತಿದ್ದ, ಗೋಡೆಯ ಮೇಲೆ ಮೊಬೈಲಿನಲ್ಲಿ ತೆಗೆದು ದೊಡ್ಡದು ಮಾಡಿಸಿದ ಆ ಕೆಂಪು ಹಳದಿ ಚಿತ್ರ ಕಟ್ಟು ಹಾಕಿಸಿ ತೂಗುಹಾಕಿತ್ತು. ಅದಕ್ಕೆ ಕುಂಕುಮ ಹಚ್ಚಿತ್ತು.

ಸುಶೀಲವ್ವ ಚೌಡವ್ವನ ಬರಿ ಹಣೆ ನೋಡಿ ಅಪ್ಪಿಕೊಂಡು ಅತ್ತಳು. ಚಹಾ ಮಾಡಿದಳು. ಚೌಡವ್ವ ಚಹಾ ಮುಟ್ಟದೆ, ತಾನು ತಿಳಿದುಕೊಂಡಷ್ಟನ್ನು ತನ್ನ ಮಾತಿನಲ್ಲೇ ಹೇಳಿದಳು. ಲೆಕ್ಕ ತಪ್ಪಿತ್ತು ಎಂದಳು. ತನ್ನ ಗಂಡನಿಗೆ ತಾನು ನೀರು ಕೊಡದೆ ಕೂರಿಸಿದ್ದನ್ನು ಹೇಳಿದಳು. ಅವನು ಬಾಯಿಗೆ ಹೊಡೆದುಕೊಂಡದ್ದನ್ನು ಹೇಳಿದಳು. "ನಿನ್ನ ಗಂಡಗ ಹಂಗ ಮಾಡಬ್ಯಾಡ ತಂಗಿ. ಅವರಿಗೆ ಏನು ಬೇಕೋ ಕೇಳಿ ಕೊಡು. ಕೈ ಮಾಡಿ ತೋರಿಸಲಿ, ಹೆಂಗರ ತೋರಿಸಲಿ."

ಸುಶೀಲವ್ವ ಕೇಳುತ್ತ ಕೇಳುತ್ತ ಹಿಂದಕ್ಕೆ ಸರಿದು ಗಂಡನ ಕುರ್ಚಿಗೆ ಆತು ನಿಂತಿದ್ದಳು.

"ಯಕ್ಕಾ, ನಿಮ್ಮನಿಯವರಿಗೆ ಬರಲಿಲ್ಲ, ಹೋದರು. ನನಗೂ ಸಂಕಟ ಆಗೇತ್ರಿ. ಆದರ ಅದಕ್ಕ ನಮ್ಮ ಆಸೇನೂ ಕಿತ್ತು ಒಗಿಯಾಕ ಬಂದೀರೇನು?"

"ಹಂಗಲ್ಲ..."

"ಇವರು ಮೊನ್ನೆ ನನ್ನ ಹೆಸರಿನ ಅರ್ಧಾ ಅಂದಾರ. ನೀವು ಕೇಳೀರೇನು? ನಿಮ್ಮ ಮಗಳ ಕಂಪ್ಯೂಟರ್ ಕೇಳೇತೇನು?"

ವಿದ್ಯಾ ಏನೋ ಹೇಳಲು ಬಾಯಿ ತೆರೆದಳು. ಅವನು ನಿಜವಾಗಿಯೂ ಅಂದಿರಬಹುದು. ಆ ಚುಕ್ಕೆಗಳಲ್ಲಿ ಗೆರೆಯ ಮೇಲಿದ್ದವೂ ಇದ್ದವು, ಅದರಲ್ಲಿ ಒಂದು ಈ ಮನುಷ್ಯನದೇ ಇರಬಹುದು. ಇಲ್ಲ ಎಂದು ಹೇಳುವ ಅಧಿಕಾರ ಅವಳ ಲೆಕ್ಕಕ್ಕೆ ಇರಲಿಲ್ಲ. ಕುರ್ಚಿಯಲ್ಲಿದ್ದವನು ಮೂವರನ್ನೂ ಒಬ್ಬೊಬ್ಬರಾಗಿ ನೋಡುತ್ತಿದ್ದ. ಅವನ ಕಣ್ಣಿನಲ್ಲಿ ಏನಿತ್ತೆಂದು ವಿದ್ಯಾಳಿಗೆ ತಿಳಿಯಲಿಲ್ಲ.

"ಹೋಗಿ ಬರ್ರಿ ಯಕ್ಕಾ," ಎಂದಳು ಸುಶೀಲವ್ವ. ಬಾಗಿಲವರೆಗೂ ಬರಲಿಲ್ಲ.

ಓಣಿಯ ತುದಿಯಲ್ಲಿ ಒಂದು ಚಹಾದಂಗಡಿ ಇತ್ತು. ಚೌಡವ್ವ ಅದರ ಮುಂದಿನ ಕಲ್ಲಿನ ಮೇಲೆ ಕೂತುಬಿಟ್ಟಳು. ಬಿಸಿಲು ಏರಿತ್ತು. ಪೇಟೆಗೆ ಹೋಗುವ ಟ್ರ್ಯಾಕ್ಟರುಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು.

"ಆಕೀನ ಜಾಗಾದಾಗ ನಾ ಇದ್ದಿದ್ದರೂ ಹಿಂಗ ಅಂತಿದ್ದೆ," ಎಂದಳು ಸ್ವಲ್ಪ ಹೊತ್ತಿನ ಮೇಲೆ. "ನೀ ಒಂದು ವರ್ಷ ಮೊದಲ ಹೇಳಿದ್ದರೂ ನಾ ನಂಬತಿದ್ದಿಲ್ಲ ಅನಸತೈತಿ." ಆಮೇಲೆ, ಮಗಳ ಕಡೆ ನೋಡದೆ: "ಆದರೂ ಹೇಳಬೇಕಾಗಿತ್ತು ನೀ. ಆ ವಾರ ಸುಮ್ಮನ ಇದ್ದಿಯಲ್ಲ, ಆ ವಾರಾನೂ ಅವರು ಕುಂತು ಹಾಡಿದರು."

"ಹೌದ ಬೇ."

"ನನಗ ನಿನ್ನ ಮ್ಯಾಲ ಸಿಟ್ಟಿಲ್ಲ."

"ಇರಲಿ ಬೇ. ಇದ್ದರೂ ಇರಲಿ."

ವಿದ್ಯಾ ಪಕ್ಕದಲ್ಲಿ ಕೂತಳು. ಹೋಗೋಣವೇ ಎಂದು ಕೇಳಿದಳು. ಚೌಡವ್ವ ಬೇಡವೆಂದು ತಲೆಯಾಡಿಸಿದಳು. "ಇನ್ನೊಂದೀಟು ಕುಂದ್ರೂಣು. ಆಕಿ ಹೊರಗ ಬಂದರೂ ಬರಬಹುದು. ಏನರ ಕೇಳಬೇಕು ಅನಸಿದರ ನಾವು ಇಲ್ಲೇ ಇರತೇವಿ."

ಅಂಗಡಿಯವನು ಎರಡು ಸಲ ಬಂದು ಚಹಾ ಬೇಕೇ ಎಂದು ಕೇಳಿ ಹೋದ. ತಾಯಿ ಮಗಳು ಆ ಬಾಗಿಲನ್ನೇ ನೋಡುತ್ತ ಮಧ್ಯಾಹ್ನದವರೆಗೆ ಕೂತಿದ್ದರು. ಸುಶೀಲವ್ವ ಬರಲಿಲ್ಲ.